ಹೊಂಗೆ ಹೂವಿನ ಕಣ್ಣೀರು

ನನ್ನ ಹೆಸರು ಶ್ರೀನಿವಾಸ. ಮನೆಯವರು, ನೆಂಟರು, ಹಳೆಯ ಬೀದಿಯವರು ಎಲ್ಲರೂ ಕರೆಯುವುದು ಸೀನು ಅಂತ. ಐವತ್ತು ಸಮೀಪಿಸುವವರೆಗೂ ಈ ಸೀನು ನನ್ನ ಹೆಸರಿನಲ್ಲಿ ಮಾತ್ರ ಇತ್ತು. ಹೋದ ವರ್ಷ ಶಿವರಾತ್ರಿ ಕಳೆದ ಮೇಲೆ ಮೂಗಿಗೂ ಬಂತು. ನಾನು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಇಷ್ಟು ವರ್ಷದ ಸರ್ವಿಸಿನಲ್ಲಿ ನನ್ನ ಕ್ಲಾಸಿನ ಮಕ್ಕಳಿಗೆ ಇದಕ್ಕಿಂತ ಸಂತೋಷ ಕೊಡುವಂಥದ್ದೇನನ್ನೂ ನಾನು ಮಾಡಿರಲಾರೆ. ಬೋರ್ಡಿನ ಕಡೆ ತಿರುಗಿ ಒಂದು ಸಮೀಕರಣ ಬರೆಯುವಷ್ಟರಲ್ಲಿ ಸೀನು ಬರುತ್ತಿತ್ತು, ಹಿಂದಿನ ಬೆಂಚಿನಿಂದ ಯಾರೋ ಬಹಳ ವಿನಯದಿಂದ "ಸೀನು ಸಾರ್" ಅನ್ನುತ್ತಿದ್ದರು. ಕರೆದದ್ದೋ ವರದಿ ಮಾಡಿದ್ದೋ ಗೊತ್ತಾಗದ ಹಾಗೆ. ಬೈಯಲೂ ಬರುವಂತಿರಲಿಲ್ಲ.

ನನ್ನ ಮೂಗಿನ ಬಗ್ಗೆ ನನಗೆ ಒಂದು ಹೆಮ್ಮೆ ಇತ್ತು ಎಂದು ಮೊದಲೇ ಹೇಳಿಬಿಡಬೇಕು. ನಾನು ಹುಟ್ಟಿ ಬೆಳೆದದ್ದು ಮೈಸೂರಿನ ಲಷ್ಕರ್ ಮೊಹಲ್ಲಾದಲ್ಲಿ. ನಮ್ಮ ಮನೆ ಮಹಡಿಯ ಮೇಲೆ, ಕೆಳಗೆ ಮೆಣಸಿನಕಾಯಿ, ಧನಿಯ ಪುಡಿ ಮಾಡುವ ಮಿಲ್ಲು. ನೋಡಲು ಬಂದ ನೆಂಟರು ಮೆಟ್ಟಿಲು ಹತ್ತುವಾಗಲೇ ಸೀನಲು ಶುರು ಮಾಡುತ್ತಿದ್ದರು. ಅವರು ಬಂದ ಸುದ್ದಿ ಅಮ್ಮನಿಗೆ ತಿಳಿಯುತ್ತಿದ್ದದ್ದೇ ಹಾಗೆ. ಬಾಗಿಲು ತಟ್ಟುವುದರೊಳಗೆ ಕಾಫಿಗೆ ನೀರಿಟ್ಟಿರುತ್ತಿದ್ದಳು. ನಾವು ಮಕ್ಕಳು ಆ ಘಾಟಿನಲ್ಲೇ ಕೂತು ಮಗ್ಗಿ ಹೇಳುತ್ತಿದ್ದೆವು, ಅದರಲ್ಲೇ ನಿದ್ದೆ ಹೋಗುತ್ತಿದ್ದೆವು. ಹೀಗಾಗಿ ಮುಂದೆ ಯಾರಾದರೂ "ನನಗೆ ಧೂಳು ಆಗಲ್ಲ, ಸಾಂಬ್ರಾಣಿ ಹೊಗೆ ಆಗಲ್ಲ" ಅಂದರೆ ಮೇಲೆ ಮೇಲೆ ಸಹಾನುಭೂತಿ ತೋರಿಸಿ ಒಳಗೊಳಗೇ ಅವರ ಅಂಕ ಕಡಿಮೆ ಮಾಡುತ್ತಿದ್ದೆ.

ಆಮೇಲೆ ನಾವು ಒಳ್ಳೆಯ ಗಾಳಿ ಬೇಕೆಂದು ಶ್ರೀರಾಂಪುರಕ್ಕೆ ಬಂದೆವು. ನನ್ನ ಹೆಂಡತಿ ಸುಮಾಗೆ ಈ ಮನೆ ಇಷ್ಟವಾಗಿದ್ದೇ ಎದುರಿಗಿನ ಹೊಂಗೆ ಮರ ನೋಡಿ. ವರ್ಷಗಟ್ಟಲೆ ಆ ಮರಕ್ಕೂ ನನಗೂ ಯಾವ ತಕರಾರೂ ಇರಲಿಲ್ಲ. ಎಲೆ ಉದುರಿಸಿ, ಹೊಸ ಎಲೆ ಬಿಟ್ಟು, ಹೂವಾಗಿ, ಬಾಗಿಲ ಮುಂದೆ ಕಡ್ಲೆಪುರಿ ಚೆಲ್ಲಿದ ಹಾಗೆ ಬಿಳಿ ಹೂವು ಹಾಸುತ್ತಿತ್ತು. ನಾನು ಅದನ್ನು ತುಳಿದುಕೊಂಡು ಸ್ಕೂಟರ್ ತೆಗೆಯುತ್ತಿದ್ದೆ. ಹೋದ ವರ್ಷ ಒಂದು ಬೆಳಗ್ಗೆ ಅದೇ ಹೂವಿನ ಮೇಲೆ ನಿಂತು ಸ್ಕೂಟರ್ ಒರೆಸುತ್ತಿದ್ದಾಗ ಮೊದಲನೆಯ ಸೀನು ಬಂತು. ನಮ್ಮ ಅಜ್ಜಿಯ ಶಾಸ್ತ್ರದ ಪ್ರಕಾರ ಹೊರಡುವಾಗ ಒಂಟಿ ಸೀನು ಬಂದರೆ ಒಳಗೆ ಬಂದು ಕೂತು, ನೀರು ಕುಡಿದು ಹೊರಡಬೇಕು. ಜೋಡಿ ಸೀನಾದರೆ ಅಡ್ಡಿಯಿಲ್ಲ. ಸಮವಾದರೆ ಶುಭ, ಬೆಸವಾದರೆ ಅಶುಭ ಎಂದು ಗಣಿತದ ಭಾಷೆಯಲ್ಲಿ ಹೇಳಬಹುದು. ಅವತ್ತು ನಾನು ಸಮ-ಬೆಸ ಲೆಕ್ಕ ಹಿಡಿಯುತ್ತ ಹೋದೆ, ಲೆಕ್ಕ ತಪ್ಪಿತು, ಸೀನು ನಿಲ್ಲಲಿಲ್ಲ. ಕೊನೆಗೆ ಸುಮಾ ಬಾಗಿಲಿಗೆ ಬಂದು, "ಒಳಗೆ ಬಂದ್ಬುಡಿ, ಎದುರು ಮನೆಯೋರು ಕಿಟಕಿ ತೆಗೆದು ನೋಡ್ತಾ ಇದಾರೆ" ಅಂದಳು.

ನೆಗಡಿ ಅಂದುಕೊಂಡೆ. ನೆಗಡಿಯಾದರೆ ಬರುತ್ತದೆ, ಇರುತ್ತದೆ, ಹೋಗುತ್ತದೆ. ಇದು ಹೋಗಲಿಲ್ಲ. ಬೆಳಗ್ಗೆ ಏಳುವಾಗ ಕಣ್ಣು ಕೆಂಪಗೆ, ರೆಪ್ಪೆಯ ಒಳಗೆ ಮರಳು ಹಾಕಿ ಉಜ್ಜಿದ ಹಾಗೆ. ಮೂಗು ಒಂದು ಕಡೆ ಕಟ್ಟಿಕೊಂಡರೆ ಇನ್ನೊಂದು ಕಡೆ ಸೋರುತ್ತಿತ್ತು. ಪಕ್ಕ ಬದಲಿಸಿ ಮಲಗಿದರೆ ಅವೂ ಕೆಲಸ ಬದಲಿಸಿಕೊಳ್ಳುತ್ತಿದ್ದವು. ಅಂಗಡಿಯಲ್ಲಿ ಹೇಳಿ ತಂದ ಮಾತ್ರೆ ನುಂಗಿದರೆ ಸೀನು ಕಡಿಮೆಯಾಗುತ್ತಿತ್ತು, ಜೊತೆಗೆ ನಾನೂ ಕಡಿಮೆಯಾಗುತ್ತಿದ್ದೆ. ತ್ರಿಭುಜದ ಎರಡು ಬಾಹುಗಳನ್ನು ಎಳೆದು, ಮೂರನೆಯದನ್ನು ಎಳೆಯಬೇಕೋ ಬೇಡವೋ ಎಂಬಂತೆ ಸೀಮೆಸುಣ್ಣ ಹಿಡಿದು ನಿಂತುಬಿಟ್ಟಿದ್ದೂ ಉಂಟು. ಆಯಾಸ ಅಂದರೆ ದುಡಿದ ಮೇಲೆ ಬರುವಂಥದ್ದು ಎಂದು ತಿಳಿದಿದ್ದೆ. ಏನೂ ಮಾಡದೆ, ಬರೀ ಉಸಿರಾಡಿಯೇ ಇಷ್ಟು ಸುಸ್ತಾಗಬಹುದು ಎಂದು ತಿಳಿದಿರಲಿಲ್ಲ.

ಈ ಸ್ಥಿತಿಯಲ್ಲಿ ನಾನಿರುವಾಗ ನಮ್ಮ ಹೆಡ್‌ಮಾಸ್ಟರು ನಿವೃತ್ತರಾದರು.

ಸಿದ್ದರಾಜಯ್ಯನವರು ಕೆಟ್ಟವರಲ್ಲ. ಅದೇ ಕಷ್ಟ. ಕೆಟ್ಟವರಾಗಿದ್ದರೆ ಸ್ಟಾಫ್ ರೂಮಿನಲ್ಲಿ ಎಲ್ಲರೂ ಸೇರಿ ಬೈದು ಹಗುರಾಗಬಹುದಿತ್ತು. ಯಾರ ಹತ್ತಿರವೂ ಏನೂ ಮುಟ್ಟಿದವರಲ್ಲ, ಯಾರ ಪರವೂ ವಹಿಸಿದವರಲ್ಲ. ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದು ಗೇಟಿನ ಹತ್ತಿರ ನಿಲ್ಲುತ್ತಿದ್ದರು, ಇಸ್ತ್ರಿ ಮಾಡಿದ ಬಿಳಿ ಶರಟು, ಕೈಯಲ್ಲಿ ಗಡಿಯಾರ. ಕೆಲವು ವರ್ಷಗಳ ಹಿಂದೆ ಒಂದು ದಿನ ನನ್ನ ಸ್ಕೂಟರ್ ಪಂಕ್ಚರ್ ಆಗಿ, ಅದನ್ನು ತಳ್ಳಿಕೊಂಡು ಬೆವರುತ್ತ ಗೇಟಿಗೆ ಬಂದಾಗ ಪ್ರಾರ್ಥನೆಯ ಸಾಲು ನಿಂತಾಗಿತ್ತು. ಅಷ್ಟೂ ಮಕ್ಕಳ ಎದುರಿಗೆ ಅವರು, "ಗಡಿಯಾರ ನೋಡೋದು ನಿಮ್ಮ ಸಬ್ಜೆಕ್ಟಿಗೇ ಸೇರಿದ್ದಲ್ವೇ ಮೇಷ್ಟ್ರೇ?" ಅಂದರು. ಮಕ್ಕಳು ನಕ್ಕರು. ನಾನೂ ನಕ್ಕೆ, ಏನು ಮಾಡಲಿ. ಅಲ್ಲಿಂದಾಚೆಗೆ ನಮ್ಮಿಬ್ಬರ ಮಾತು "ಸಾರ್, ಒಂದು ಸಹಿ" ಎಂಬಲ್ಲಿಗೆ ಬಂದು ನಿಂತಿತ್ತು. ಅವರಿಗೆ ಅದು ಗೊತ್ತಾಗಿತ್ತೋ ಇಲ್ಲವೋ. ನನಗಂತೂ ದಿನಾ ಗೊತ್ತಾಗುತ್ತಿತ್ತು.

ಬೀಳ್ಕೊಡುಗೆಯ ದಿನಕ್ಕೆ ಹಿರಿಯ ಮೇಷ್ಟ್ರೆಂದು ನನ್ನ ತಲೆಗೆ ಎರಡು ಕೆಲಸ ಕಟ್ಟಿದರು: ಹಾರ ಹಾಕಬೇಕು, ಎರಡು ಮಾತಾಡಬೇಕು. ಆ ಎರಡು ಮಾತನ್ನು ನಾನು ಬಹಳ ಮುತುವರ್ಜಿಯಿಂದ ತಯಾರು ಮಾಡಿಕೊಂಡೆ. ಶಿಸ್ತು, ಪ್ರಾಮಾಣಿಕತೆ ಎಲ್ಲ ಹೇಳಿ, ಕೊನೆಯಲ್ಲಿ "ಗಡಿಯಾರ ನೋಡುವ ಅಗತ್ಯವೇ ಇಲ್ಲದ ದಿನಗಳು ಇನ್ನು ಮುಂದೆ ತಮಗೆ ಲಭಿಸಲಿ" ಎಂದು ಹಾರೈಸಿ ಮುಗಿಸುವುದು. ಬಚ್ಚಲುಮನೆಯಲ್ಲಿ ಅಭ್ಯಾಸ ಮಾಡುತ್ತಿದ್ದುದು ಸುಮಾಗೆ ಕೇಳಿಸಿತು.

"ಹೋಗೋರಿಗೆ ಯಾಕ್ರೀ ಚುಚ್ಚೋದು?"

"ಚುಚ್ಚೋದೇನು ಬಂತು ಕಣೆ, ಹಾರೈಕೆ ಅದು."

"ಹಾರೈಕೆ ಹೇಳೋವಾಗ ಯಾರೂ ಇಷ್ಟು ಖುಷಿಯಾಗಿರಲ್ಲ" ಅಂದು ಅವಳು ಒಳಗೆ ಹೋದಳು.

ಶಾಲೆಯ ಅಂಗಳದಲ್ಲೂ ಒಂದು ಹೊಂಗೆ ಮರವಿದೆ, ನಮ್ಮ ಮನೆಯ ಎದುರಿನದಕ್ಕಿಂತ ದೊಡ್ಡದು. ನೆರಳಾಗಲಿ ಎಂದು ಶಾಮಿಯಾನವನ್ನು ಅದರ ಕೆಳಗೇ ಹಾಕಿಸಿದ್ದರು. ಸಿದ್ದರಾಜಯ್ಯನವರಿಗೆ ಮೈಸೂರು ಪೇಟ ತೊಡಿಸಿ, ಶಾಲು ಹೊದೆಸಿ ಕೂರಿಸಿದ್ದರು. ಕೊನೆಯ ತಿಂಗಳು ಪೂರಾ ಅವರು ಪೆನ್ಶನ್ ಕಾಗದಗಳ ಹಿಂದೆ ಆ ಕಚೇರಿ, ಈ ಕಚೇರಿ ಎಂದು ಅಲೆಯುತ್ತಿದ್ದರು. ಹಾಗಾಗಿ ನನ್ನ ಸೀನಿನ ಕೀರ್ತಿ ಅವರ ಕಿವಿ ಮುಟ್ಟಿರಲಿಲ್ಲ. ನಾನು ಬೆಳಗಿನ ಮಾತ್ರೆ ಬಿಟ್ಟಿದ್ದೆ, ಮಾತಾಡುವಾಗ ತೂಕಡಿಸಬಾರದು ಎಂದು. ಸುಗಂಧರಾಜದ ದಪ್ಪ ಹಾರ ಹಿಡಿದು ಬಗ್ಗಿದೆ. ಹಾರ ಅವರ ಕೊರಳಿಗೆ ಬೀಳುವ ಮೊದಲು ನನ್ನ ಮೂಗಿಗೆ ಬಿತ್ತು.

ಮೈಕಿನ ಮುಂದೆ ನಿಂತಾಗ ಸೀನನ್ನು ತಡೆಯುವುದೊಂದೇ ನನ್ನ ಗುರಿ. ತಡೆದೆ. ತಡೆದ ಸೀನು ಕಣ್ಣಿನ ದಾರಿ ಹಿಡಿಯಿತು. "ಸನ್ಮಾನ್ಯ ಸಿದ್ದರಾಜಯ್ಯನವರು..." ಎಂದೆ, ದನಿ ಕಟ್ಟಿತು. ಎರಡೂ ಕಣ್ಣಿನಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು. ಕರ್ಚೀಫು ತೆಗೆದು ಒರೆಸಿಕೊಂಡೆ, ಮೂಗು ಏರಿಸಿದೆ, ಮೈಕು ಅದನ್ನು ಹಿಂದಿನ ಕಾಂಪೌಂಡಿನವರೆಗೂ ಕೇಳಿಸಿತು. ಮತ್ತೆ "ಸನ್ಮಾನ್ಯ..." ಎಂದೆ. ಅಷ್ಟೇ. ನನ್ನ ಹೆಸರು ಹಿಡಿದು ಆಡಿಕೊಳ್ಳುವ ಒಂಬತ್ತನೇ ಕ್ಲಾಸೂ ಬಾಯಿ ಮುಚ್ಚಿ ಕೂತಿತ್ತು. ಆಗ ಸಿದ್ದರಾಜಯ್ಯನವರು ಕುರ್ಚಿಯಿಂದ ಎದ್ದು ಬಂದು, ನನ್ನ ಎರಡೂ ತೋಳು ಹಿಡಿದು, "ಸಾಕು ಮೇಷ್ಟ್ರೇ, ಸಾಕು" ಅಂದರು. ಅವರ ಪೇಟ ಸ್ವಲ್ಪ ವಾರೆಯಾಗಿತ್ತು. ಅವರ ಕಣ್ಣಲ್ಲೂ ನೀರಿತ್ತು, ಮತ್ತು ಅವರಿಗೆ ಹೂವಿನಿಂದ ಯಾವ ತೊಂದರೆಯೂ ಇರಲಿಲ್ಲ.

ಸ್ಟಾಫ್ ರೂಮಿನಲ್ಲಿ ಡ್ರಿಲ್ ಮೇಷ್ಟ್ರು ನನ್ನ ಬೆನ್ನು ತಟ್ಟಿ, "ಏನು ಸಾರ್, ಎಂಥಾ ಆಕ್ಟಿಂಗು" ಎಂದು ಕಣ್ಣು ಹೊಡೆದರು. ನನಗೆ ಮೊದಲ ಬಾರಿಗೆ ಅವರ ಮೇಲೆ ಸಿಟ್ಟು ಬಂತು. ಯಾಕೆಂದು ಕೇಳಿದ್ದರೆ ಹೇಳಲು ಆಗುತ್ತಿರಲಿಲ್ಲ.

ಮಾರನೆಯ ದಿನ ಬೆಳಗ್ಗೆ ಸಿದ್ದರಾಜಯ್ಯನವರ ಫೋನು. "ಸಮಾಧಾನ ಮಾಡ್ಕೊಂಡ್ರಾ?" ಅಂದರು. ಮಾಡಿಕೊಂಡೆ ಸಾರ್ ಅಂದೆ. ಭಾನುವಾರ ಬೆಳಗ್ಗೆ ಕಾಲಿಂಗ್ ಬೆಲ್ ಆಯಿತು, ಬಾಗಿಲಲ್ಲಿ ಅವರೇ, ಕೈಯಲ್ಲಿ ತುಳಸಿ-ಮೆಣಸಿನ ಕಷಾಯದ ಫ್ಲಾಸ್ಕು. "ಈ ಕಡೆ ಬಂದಿದ್ದೆ" ಅಂದರು. ಅವರ ಮನೆ ರಾಮಕೃಷ್ಣನಗರದಲ್ಲಿ. ಭಾನುವಾರ ಅಷ್ಟು ಹೊತ್ತಿಗೇ ಶ್ರೀರಾಂಪುರಕ್ಕೆ ಬರುವ ಕೆಲಸ ಯಾರಿಗೂ ಇರುವುದಿಲ್ಲ. ಅದರ ಮುಂದಿನ ಭಾನುವಾರವೂ ಈ ಕಡೆ ಬಂದಿದ್ದರು. ವರಾಂಡದ ಕುರ್ಚಿಯಲ್ಲಿ ನೆಟ್ಟಗೆ ಕೂತು ನಮ್ಮ ನಲ್ಲಿ ತೊಟ್ಟಿಕ್ಕುವುದನ್ನು, ಕ್ಯಾಲೆಂಡರಿನ ಹಾಳೆ ಹರಿಯದೆ ಬಿಟ್ಟಿರುವುದನ್ನು ತೋರಿಸಿ ಸರಿಪಡಿಸಲು ಹೇಳುತ್ತಿದ್ದರು. ನನಗೆ ತಲೆ ಭಾರ, ಕಣ್ಣು ಉರಿ, ಎದುರಿಗೆ ಹೆಡ್‌ಮಾಸ್ಟರು. ವಾರಕ್ಕೆ ಒಂದೇ ರಜೆ, ಅದೂ ಹೀಗೆ. ಸತ್ಯ ಹೇಳಿಬಿಡೋಣ ಎಂದು ಪ್ರತಿ ಸಲ ಬಾಯಿ ತೆರೆಯುತ್ತಿದ್ದೆ. ಅಷ್ಟರಲ್ಲಿ ಅವರು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಿದ್ದರು.

ಕೊನೆಗೆ ನನ್ನ ಸ್ಥಿತಿ ನೋಡಲಾರದೆ ಅವರೇ ನನ್ನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಸರಸ್ವತೀಪುರಂನಲ್ಲಿ ಕಿವಿ, ಮೂಗು, ಗಂಟಲಿನ ಡಾಕ್ಟರು, ಅವರ ಹಳೆಯ ವಿದ್ಯಾರ್ಥಿನಿ. ಇವರನ್ನು ಕಂಡದ್ದೇ ಆಕೆ ಎದ್ದು ನಿಂತಳು, ಇವರು ಕೂರು ಎಂದ ಮೇಲೇ ಕೂತಳು. ಹೀಗಾಗಿ ಅವರನ್ನು ಹೊರಗೆ ಕೂರಿಸುವ ಪ್ರಶ್ನೆಯೇ ಬರಲಿಲ್ಲ. ಆಕೆ ಟಾರ್ಚು ಬಿಟ್ಟು ನನ್ನ ಮೂಗಿನೊಳಗೆ ನೋಡಿ, "ಕಣ್ಣಲ್ಲಿ ನೀರು ಯಾವಾಗಿಂದ ಸಾರ್?" ಎಂದು ಕೇಳಿದಳು.

ನನಗಿಂತ ಮೊದಲು ಸಿದ್ದರಾಜಯ್ಯನವರೇ ಹೇಳಿದರು. "ನನ್ನ ಬೀಳ್ಕೊಡುಗೆ ಆಯ್ತಲ್ಲಮ್ಮ, ಅವತ್ತಿನಿಂದ. ಪಾಪ, ತುಂಬಾ ಅತ್ತುಬಿಟ್ರು. ಅದೇ ಮೈಗೆ ತಟ್ಟಿದೆ ಅಂತ ಕಾಣುತ್ತೆ."

ಡಾಕ್ಟರು ನನ್ನ ಮುಖ ನೋಡಿದಳು. ಸುಳ್ಳು ಹೇಳಿದರೆ ತಪ್ಪು ಮಾತ್ರೆ ಬರುತ್ತದೆ. ಸತ್ಯ ಹೇಳಿದರೆ ಪಕ್ಕದ ಕುರ್ಚಿಯಲ್ಲಿ ಅವರಿದ್ದಾರೆ. ನಿದ್ದೆಯಿಲ್ಲದ ಮನುಷ್ಯನಿಗೆ ಸುಳ್ಳನ್ನು ಕಾಪಾಡಿಕೊಳ್ಳುವ ಶಕ್ತಿ ಇರುವುದಿಲ್ಲ.

"ಅದಕ್ಕೂ ಮೊದಲೇ ಡಾಕ್ಟ್ರೇ. ಶಿವರಾತ್ರಿ ಆದ್ಮೇಲೆ ಶುರುವಾಯ್ತು. ಹೊಂಗೆ ಹೂವಿನ ಹತ್ತಿರ ಹೋದ್ರೆ ಜಾಸ್ತಿ."

"ಅಲರ್ಜಿ ಸಾರ್, ಹೂವಿನ ಪರಾಗದ್ದಿರಬೇಕು" ಅಂದಳು. ಇಷ್ಟು ವರ್ಷ ಇಲ್ಲದ್ದು ಈಗ ಯಾಕೆ ಎಂದು ಕೇಳಿದೆ. ಕೆಲವರಿಗೆ ಚಿಕ್ಕಂದಿನಲ್ಲಿ ಬರುತ್ತದೆ, ಕೆಲವರಿಗೆ ಹೀಗೆ ದೊಡ್ಡವರಾದ ಮೇಲೆ. ಯಾಕೆಂದು ಹೇಳುವುದು ಕಷ್ಟ. ಸೀಸನ್ ಕಳೆದರೆ ತಗ್ಗುತ್ತದೆ, ಮುಂದಿನ ವರ್ಷ ಮತ್ತೆ ಬರಬಹುದು ಅಂದಳು. ಮೂಗಿಗೆ ಹೊಡೆದುಕೊಳ್ಳುವ ಔಷಧಿಯೊಂದನ್ನೂ, ನಿದ್ದೆ ಬರಿಸದ ಮಾತ್ರೆಯೊಂದನ್ನೂ ಬರೆದುಕೊಟ್ಟಳು. ಸಿದ್ದರಾಜಯ್ಯನವರು ಗೋಡೆಗೆ ನೇತುಹಾಕಿದ್ದ ಕಿವಿಯ ಚಿತ್ರವನ್ನು ನೋಡುತ್ತ ಕೂತಿದ್ದರು. ಪರಾಗ ಎಂಬುದು ಎಷ್ಟು ಚೆಂದದ ಮಾತು ಎಂದು ನನಗೆ ಅಸಂಬದ್ಧವಾಗಿ ಹೊಳೆಯಿತು. ವಸಂತದ ವರ್ಣನೆ ಮಾಡಿದ ಯಾರೂ ಅದು ಮೂಗಿಗೆ ಹೋದರೆ ಏನಾಗುತ್ತದೆ ಎಂದು ಬರೆದದ್ದು ನಾನು ಓದಿಲ್ಲ.

ಹೊರಗೆ ಬಂದು ಹೋಟೆಲಿನಲ್ಲಿ ಕಾಫಿಗೆ ಕೂತೆವು. ಅವರು ಬಹಳ ಹೊತ್ತು ಕಾಫಿಯನ್ನು ಲೋಟದಿಂದ ಬಟ್ಟಲಿಗೆ, ಬಟ್ಟಲಿನಿಂದ ಲೋಟಕ್ಕೆ ಹುಯ್ದರು. ಆರಿ ತಣ್ಣಗಾದ ಮೇಲೂ ಹುಯ್ಯುತ್ತಿದ್ದರು.

"ಹಾಗಾದ್ರೆ ಅವತ್ತು ಸ್ಟೇಜ್ ಮೇಲೆ..."

"ಹೊಂಗೆ ಹೂವು ಸಾರ್. ಆಮೇಲೆ ಆ ಹಾರ."

"ಪೂರ್ತಿ ಹೊಂಗೆ ಹೂವೇನಾ?"

ಈ ಪ್ರಶ್ನೆಯನ್ನು ಅವರು ಹೆಡ್‌ಮಾಸ್ಟರ ದನಿಯಲ್ಲಿ ಕೇಳಲಿಲ್ಲ. ನಾನು ಒಂದು ಕ್ಷಣ ನಿಜವಾಗಿಯೂ ಲೆಕ್ಕ ಹಾಕಿ ನೋಡಿದೆ. "ಬಹುಪಾಲು ಸಾರ್" ಅಂದೆ.

ಅವರು ತಲೆಯಾಡಿಸಿದರು. ಕಾಫಿ ಕುಡಿದು, ಕರ್ಚೀಫಿನಿಂದ ಮೀಸೆ ಒರೆಸಿಕೊಂಡು ಹೇಳಿದರು: "ಅಷ್ಟು ಜನ ಕೂತಿದ್ರು ನೋಡಿ, ಅದೇ ಮರದ ಕೆಳಗೆ. ಮೂವತ್ತು ವರ್ಷ ನನ್ನ ಜೊತೆ ಕೆಲಸ ಮಾಡಿದೋರು. ಬೇರೆ ಯಾರಿಗೂ ಅಲರ್ಜಿನೂ ಬರ್ಲಿಲ್ವಲ್ಲ."

ನಾನು ಲೋಟ ಕೆಳಗಿಟ್ಟೆ. ಇಷ್ಟು ಹೇಳಿದ ಮೇಲೆ ಇನ್ನೊಂದನ್ನು ಯಾಕೆ ಉಳಿಸಿಕೊಳ್ಳುವುದೆಂದು, ಗೇಟಿನ ಹತ್ತಿರ ಅವರು ಆಡಿದ ಗಡಿಯಾರದ ಮಾತನ್ನೂ ತೆಗೆದೆ. ಅವರು ಹುಬ್ಬು ಗಂಟಿಕ್ಕಿ ಕೇಳಿದರು.

"ನಾನು ಹಂಗಂದ್ನಾ?"

"ಅಂದ್ರಿ ಸಾರ್."

"ಮಕ್ಕಳ ಎದುರಿಗಾ?"

"ಪ್ರಾರ್ಥನೆ ಹೊತ್ತಲ್ಲಿ."

"ನೆನಪೇ ಇಲ್ಲ ಕಣ್ರೀ" ಅಂದರು. ಆಮೇಲೆ, "ಅಂದಿರಬಹುದು. ನನ್ನ ಬಾಯಿ ಹಂಗೆ." ಅಷ್ಟೇ. ಇಷ್ಟು ವರ್ಷ ನಾನು ಹೊತ್ತು ತಿರುಗಿದ ಮಾತು ಅವರ ಹತ್ತಿರ ಇರಲೇ ಇಲ್ಲ. ನಾನು ಕೊಡದ ಕಣ್ಣೀರನ್ನು ಮಾತ್ರ ಅವರು ಜೋಪಾನವಾಗಿ ಇಟ್ಟುಕೊಂಡಿದ್ದರು, ಅದನ್ನೂ ನಾನು ಆ ದಿನವೇ ಕಿತ್ತುಕೊಂಡಿದ್ದೆ. ಸುಸ್ತಾಯಿತು. ಮನೆಗೆ ಬಂದು ಸುಮಾಗೆ ಎಲ್ಲ ಹೇಳಿದೆ. ಅವಳು ಕೇಳಿ, "ಹೇಳದೇ ಇದ್ದಿದ್ರೂ ಆಗ್ತಿತ್ತು. ಹೇಳಿದ್ದೂ ಒಳ್ಳೇದಾಯ್ತು" ಅಂದಳು. ಎರಡರಲ್ಲಿ ಯಾವುದೆಂದು ನಾನು ಕೇಳಲಿಲ್ಲ.

ಆ ಭಾನುವಾರ ಅವರು ಬರಲಿಲ್ಲ. ನಾನು ಒಂಬತ್ತರವರೆಗೆ ಮಲಗಿದೆ, ಸುಖವಾಯಿತು. ಮುಂದಿನ ಭಾನುವಾರವೂ ಬರಲಿಲ್ಲ. ನಲ್ಲಿ ತೊಟ್ಟಿಕ್ಕುವುದನ್ನು ನಾನೇ ನೋಡಿದೆ, ವಾಷರು ಹಾಕಿಸಿದೆ. ಕ್ಯಾಲೆಂಡರಿನ ಹಾಳೆಯನ್ನೂ ಹರಿದೆ. ಮೇ ತಿಂಗಳ ಮಳೆ ಎರಡು ಸಲ ಜೋರಾಗಿ ಹೊಡೆದು ಮರದ ಕೆಳಗಿದ್ದ ಹೂವನ್ನೆಲ್ಲ ಮೋರಿಗೆ ಸೇರಿಸಿತು. ನನ್ನ ಮೂಗು ಯಾರಿಗೂ ಹೇಳದೆ ಕೇಳದೆ ಸರಿಹೋಯಿತು. ಬೆಳಗ್ಗೆ ಎದ್ದು ಎರಡೂ ಹೊಳ್ಳೆಯಿಂದ ಉಸಿರೆಳೆದುಕೊಂಡಾಗ ಬರುವ ಸಂತೋಷವಿದೆಯಲ್ಲ, ಅದನ್ನು ಯಾರಿಗಾದರೂ ಹೇಳಬೇಕು ಅನ್ನಿಸಿತು. ಹೇಳಬೇಕು ಅನ್ನಿಸಿದ ಮನುಷ್ಯ ಯಾರೆಂದು ತಿಳಿದಾಗ ನನಗೇ ಸೋಜಿಗವಾಯಿತು.

ಸ್ಕೂಟರ್ ತೆಗೆದುಕೊಂಡು ರಾಮಕೃಷ್ಣನಗರಕ್ಕೆ ಹೋದೆ. ಬಾಗಿಲು ತೆರೆದವರು ಅವರ ಹೆಂಡತಿ ಗೌರಮ್ಮನವರು. ಕೈಯಲ್ಲಿ ಸಾಸಿವೆಯ ಡಬ್ಬಿ, ಮುಖದಲ್ಲಿ ಸೋತ ಕಳೆ.

"ಬನ್ನಿ ಮೇಷ್ಟ್ರೇ. ನೋಡಿ, ಅಡಿಗೆಮನೆ ಡಬ್ಬಿನೆಲ್ಲ ಅಕಾರಾದಿಯಲ್ಲಿ ಜೋಡಿಸಿಟ್ಟಿದಾರೆ. ಒಗ್ಗರಣೆ ಹೊತ್ತಿ ಹೋಗ್ತಿದೆ, ನಾನು 'ಸ' ಎಲ್ಲಿ ಅಂತ ಹುಡುಕ್ತಾ ನಿಂತಿದೀನಿ." ಆಮೇಲೆ ದನಿ ತಗ್ಗಿಸಿದರು. "ಇಷ್ಟು ವರ್ಷ ಸ್ಕೂಲು ಒಗ್ಗಿತ್ತು ಅವರಿಗೆ. ಈಗ ಮನೆ ಒಗ್ತಾ ಇಲ್ಲ. ಭಾನುವಾರ ನಿಮ್ಮನೇಗೆ ಬರ್ತಿದ್ರಲ್ಲ, ಅದನ್ನೂ ಬಿಟ್ಟುಬಿಟ್ರು."

ಒಗ್ಗುವುದು. ಅಲರ್ಜಿ ಎಂಬ ಮಾತು ಬರುವ ಮೊದಲು ನಮ್ಮಲ್ಲಿ ಇದ್ದದ್ದು ಈ ಮಾತು. ನೀರು ಒಗ್ಗಲಿಲ್ಲ, ಬದನೆಕಾಯಿ ಒಗ್ಗಲ್ಲ, ಹೊಸ ಊರು ಒಗ್ಗಲಿಕ್ಕೆ ಸ್ವಲ್ಪ ದಿನ ಬೇಕು. ಅಲರ್ಜಿ ಬಂದರೆ ಬಂತು, ಅಷ್ಟೇ. ಅದರ ಮುಂದೆ ಏನೂ ಇಲ್ಲ. ಒಗ್ಗು ಎಂಬ ಮಾತಿಗೆ ಮಾತ್ರ ಎರಡು ಕಡೆಯೂ ಬಾಗಿಲಿದೆ. ಇಷ್ಟು ವರ್ಷ ಒಗ್ಗಿದ್ದ ಮರ ನನಗೆ ಹೇಳದೆ ಒಗ್ಗದೆ ಹೋಗುವುದಾದರೆ, ಇಷ್ಟು ವರ್ಷ ಒಗ್ಗದೇ ಇದ್ದದ್ದೂ ಹಾಗೇ ಹೇಳದೆ ಒಗ್ಗಿಬಿಡಬಹುದು. ಯಾವುದಕ್ಕೂ ನಮ್ಮನ್ನು ಕೇಳುವುದಿಲ್ಲ ಈ ದೇಹ, ಈ ವಯಸ್ಸಿನಲ್ಲಿ.

ಸಿದ್ದರಾಜಯ್ಯನವರು ಒಳಗಿನಿಂದ ಬಂದರು. ಇಸ್ತ್ರಿ ಮಾಡಿದ ಶರಟಿಲ್ಲ, ಬನಿಯನ್ನು, ಪಂಚೆ. ನನ್ನನ್ನು ನೋಡಿ ಪಂಚೆ ಸರಿಮಾಡಿಕೊಂಡರು.

"ಯಾಕೆ ಸಾರ್, ಬರೋದೇ ಬಿಟ್ರಿ?"

"ಹೊಂಗೆ ಹೂವಿನ ಹೆಸರು ಹೇಳ್ಕೊಂಡು ಎಷ್ಟು ಭಾನುವಾರ ಬರೋದು ಮೇಷ್ಟ್ರೇ?"

"ಹೂವೆಲ್ಲ ಉದುರಿ ಹೋಯ್ತು ಸಾರ್. ಸುಮಾ ಉಪ್ಪಿಟ್ಟು ಮಾಡಿದಾಳೆ, ಶರಟು ಹಾಕ್ಕೊಂಡು ಬನ್ನಿ" ಅಂದೆ. ಸುಮಾಗೆ ನಾನು ಹೊರಟದ್ದೂ ಗೊತ್ತಿರಲಿಲ್ಲ, ಉಪ್ಪಿಟ್ಟಿನ ಮಾತು ದೂರವೇ ಉಳಿಯಿತು.

ಅವರು ನನ್ನ ಹಿಂದೆ ಕೂತರು. ಗೌರಮ್ಮನವರು ಬಾಗಿಲಲ್ಲಿ ನಿಂತು, ನಾವು ತಿರುವು ದಾಟುವ ಮೊದಲೇ ಡಬ್ಬಿಗಳನ್ನು ಹಳೆಯ ಜಾಗಕ್ಕೆ ಸೇರಿಸಲು ಅಡಿಗೆಮನೆಗೆ ಓಡಿದರು. ದಾರಿಯುದ್ದಕ್ಕೂ ಸಿದ್ದರಾಜಯ್ಯನವರು ನನ್ನ ಭುಜದ ಮೇಲಿನಿಂದ ಹೇಳುತ್ತಲೇ ಇದ್ದರು: ರೋಡ್ ಹಂಪಿನ ಹತ್ತಿರ ಬ್ರೇಕು ಮೊದಲೇ ಹಿಡಿಯಬೇಕು, ತಿರುಗುವಾಗ ಕೈ ತೋರಿಸಬೇಕು, ಕನ್ನಡಿ ಒರೆಸಿ ಎಷ್ಟು ದಿನವಾಯಿತು. ಎಲ್ಲವೂ ಕಿವಿಗೆ ಬೀಳುತ್ತಿತ್ತು. ನನಗೆ ಏನೂ ಆಗಲಿಲ್ಲ.